ಶೇಕಡಾ ಎಂದರೆ ಯಾವುದರ ಶೇಕಡಾ? ಲಾಭಾಂಶ ಇಳುವರಿಯ ಪಾಠಕ್ಕೊಂದು ಪೂರಕ ಟಿಪ್ಪಣಿ

ಕಳೆದ ಬೋಧನಾಭ್ಯಾಸದ ಅವಧಿಯಲ್ಲಿ ಒಂದು ಪದವಿಪೂರ್ವ ಕಾಲೇಜಿನ ವಾಣಿಜ್ಯ ವಿಭಾಗದಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ಪಾಠ ಅವಲೋಕಿಸುತ್ತಿದ್ದೆ. ದ್ವಿತೀಯ ಪಿಯುಸಿ ಬೇಸಿಕ್ ಮ್ಯಾಥಮೆಟಿಕ್ಸ್‌ನ ಷೇರುಗಳ ಅಧ್ಯಾಯ. ಪ್ರಶಿಕ್ಷಣಾರ್ಥಿ ಚೆನ್ನಾಗಿಯೇ ಸಿದ್ಧರಾಗಿ ಬಂದಿದ್ದರು. 100 ರೂಪಾಯಿ ಮುಖಬೆಲೆಯ, ಶೇ. 10 ಲಾಭಾಂಶ ಕೊಡುವ ಷೇರನ್ನು 125 ರೂಪಾಯಿಗೆ ಕೊಂಡರೆ ಇಳುವರಿ ಎಷ್ಟು ಎಂಬ ಲೆಕ್ಕವನ್ನು ಹಂತಹಂತವಾಗಿ ಬಿಡಿಸಿ ಶೇ. 8 ಎಂದು ಬರೆದರು. ಕರಿಹಲಗೆಯ ಬಳಕೆಯಲ್ಲಾಗಲಿ, ಪ್ರಶ್ನೆ ಕೇಳುವ ರೀತಿಯಲ್ಲಾಗಲಿ ಹೆಸರಿಡುವಂಥದ್ದೇನೂ ಇರಲಿಲ್ಲ. ಇನ್ನೇನು ಗಂಟೆ ಹೊಡೆಯಬೇಕು, ಆಗ ಒಬ್ಬ ಹುಡುಗ ಎದ್ದು ನಿಂತ. "ಮಿಸ್, ನಮ್ಮಪ್ಪ ಮೊಬೈಲಲ್ಲಿ ಒಂದು ಷೇರು ತೋರಿಸಿದ್ರು. ಡಿವಿಡೆಂಡ್ ಯೀಲ್ಡ್ ಒಂಬತ್ತು ಪರ್ಸೆಂಟ್ ಅಂತ ಇತ್ತು. ಬ್ಯಾಂಕಲ್ಲಿ ಏಳೇ ಸಿಗೋದು. ಎಫ್‌ಡಿ ಮುರಿಸಿ ಅದಕ್ಕೆ ಹಾಕ್ಬೋದಾ?"

ಪ್ರಶಿಕ್ಷಣಾರ್ಥಿ ಒಂದು ಕ್ಷಣ ಹಲಗೆಯ ಕಡೆ ನೋಡಿ, "ಏಳಕ್ಕಿಂತ ಒಂಬತ್ತು ಹೆಚ್ಚಲ್ವಾ, ಲಾಭವೇ" ಎಂದರು. ಗಂಟೆ ಹೊಡೆಯಿತು.

ಅವಲೋಕನ ಪುಸ್ತಕದಲ್ಲಿ ನಾನು "ಲೆಕ್ಕ ಸರಿ, ಉತ್ತರ ತಪ್ಪು" ಎಂದು ಬರೆದೆ. ಹಿಮ್ಮಾಹಿತಿಯ ಹೊತ್ತಿನಲ್ಲಿ ಅವರು "ಎಲ್ಲಿ ತಪ್ಪಿತು ಸರ್?" ಎಂದು ಕೇಳಿದರು. ಐದು ನಿಮಿಷದಲ್ಲಿ ಹೇಳಿ ಮುಗಿಸುವ ಮಾತು ಅದಾಗಿರಲಿಲ್ಲ. ಅಂದು ಬಾಕಿ ಉಳಿದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಕೆಳಗೆ ಕೆಲವು ಕಂಪನಿಗಳ ಹೆಸರು ಬರುತ್ತವೆ; ಅವು ಲೆಕ್ಕಕ್ಕೆ ಉದಾಹರಣೆಗಳೇ ಹೊರತು ಕೊಳ್ಳಿ ಎಂದೋ ಮಾರಿ ಎಂದೋ ಹೇಳುವ ಸಲಹೆಯಲ್ಲ.

ಮೊದಲು ಪಠ್ಯಪುಸ್ತಕದ ಲೆಕ್ಕವನ್ನೇ ನೋಡೋಣ. ಅಲ್ಲಿ ಎರಡು ಶೇಕಡಾಗಳಿವೆ. "ಶೇ. 10 ಲಾಭಾಂಶ" ಎಂದಾಗ ಅದು ಮುಖಬೆಲೆಯ ಶೇಕಡಾ, 100 ರೂಪಾಯಿಗೆ 10. ಉತ್ತರವಾಗಿ ಬಂದ ಶೇ. 8 ಕೊಟ್ಟ ಬೆಲೆಯ ಶೇಕಡಾ, 125ಕ್ಕೆ 10. ಅಂಶ ಒಂದೇ, ಛೇದ ಬೇರೆ. ಮಕ್ಕಳು ಸೂತ್ರದಲ್ಲಿ ಸಂಖ್ಯೆ ತುಂಬಿ ಉತ್ತರ ತೆಗೆಯುತ್ತಾರೆ, ಛೇದ ಬದಲಾದದ್ದು ಅವರ ಗಮನಕ್ಕೇ ಬರುವುದಿಲ್ಲ. ಪುಸ್ತಕದಲ್ಲಿ ಮುಖಬೆಲೆಗೂ ಮಾರುಕಟ್ಟೆ ಬೆಲೆಗೂ ಇಪ್ಪತ್ತು ಮೂವತ್ತು ರೂಪಾಯಿಯ ಅಂತರವಷ್ಟೇ ಇರುವುದರಿಂದ ತಪ್ಪಿದರೂ ಉತ್ತರ ತೀರ ವಿಚಿತ್ರವಾಗಿ ಕಾಣುವುದಿಲ್ಲ. ಮಾರುಕಟ್ಟೆಯಲ್ಲಿ ಹಾಗಿಲ್ಲ.

ಎಂಆರ್‌ಎಫ್ ಟೈರು ಕಂಪನಿಯನ್ನು ತೆಗೆದುಕೊಳ್ಳಿ. ಅದರ ಷೇರಿನ ಮುಖಬೆಲೆ 10 ರೂಪಾಯಿ. 2023-24ರ ಸಾಲಿಗೆ ಅದು ತಲಾ 3 ರೂಪಾಯಿಯ ಎರಡು ಮಧ್ಯಂತರ ಲಾಭಾಂಶ, 194 ರೂಪಾಯಿಯ ಅಂತಿಮ ಲಾಭಾಂಶ, ಒಟ್ಟು 200 ರೂಪಾಯಿ ಕೊಟ್ಟಿತು. ಮುಖಬೆಲೆಯ ಮೇಲೆ ಶೇ. 2000! ಆದರೆ ಆ ಷೇರಿನ ಬೆಲೆ 2023ರ ಜೂನ್‌ನಲ್ಲೇ ಒಂದು ಲಕ್ಷ ರೂಪಾಯಿ ದಾಟಿತ್ತು. ಒಂದು ಲಕ್ಷವೆಂದೇ ಹಿಡಿದರೂ ಇಳುವರಿ ಶೇ. 0.2. ಎರಡು ಸಾವಿರ ಮತ್ತು ಸೊನ್ನೆ ಬಿಂದು ಎರಡು, ಎರಡೂ ಒಂದೇ 200 ರೂಪಾಯಿಯ ವರ್ಣನೆ. ಈ ಒಂದು ಉದಾಹರಣೆಯನ್ನು ಹಲಗೆಯ ಮೇಲೆ ಬರೆದರೆ ಛೇದದ ವಿಷಯಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ. ಇಂಥ ಗೊಂದಲ ಬೇಡವೆಂದೇ ಸೆಬಿಯ 2015ರ ಲಿಸ್ಟಿಂಗ್ ನಿಯಮಾವಳಿ ಲಾಭಾಂಶವನ್ನು ಪ್ರತಿ ಷೇರಿಗೆ ಇಷ್ಟು ರೂಪಾಯಿ ಎಂದೇ ಘೋಷಿಸಬೇಕೆಂದು ವಿಧಿಸಿದೆ. ನಮ್ಮ ಲೆಕ್ಕಗಳು ಮಾತ್ರ ಇನ್ನೂ "ಶೇ. 10ರ ಷೇರು" ಎಂದೇ ಮುಂದುವರಿದಿವೆ. ಪರೀಕ್ಷೆಗೆ ಅದು ಬೇಕು, ಕಲಿಸೋಣ. ಹೊರಗಿನ ರೂಢಿ ಬೇರೆ ಎಂದೂ ಒಂದು ಮಾತು ಹೇಳೋಣ.

ಛೇದ ಸರಿಯಾಯಿತು ಎನ್ನೋಣ. ಇನ್ನು ಅಂಶ. "ವಾರ್ಷಿಕ ಲಾಭಾಂಶ" ಎಂದು ಸೂತ್ರದಲ್ಲಿ ಬರೆಯುತ್ತೇವೆ. ಯಾವ ವರ್ಷದ್ದು? ಇದು ತುಂಟ ಪ್ರಶ್ನೆಯಂತೆ ಕಂಡರೂ ಪಾಠದ ಹುರುಳೆಲ್ಲ ಇಲ್ಲಿದೆ. ಬೆಂಗಳೂರಿನದೇ ಆದ ಇನ್ಫೋಸಿಸ್ ಕಂಪನಿಯ ಅಂಕಿಗಳನ್ನು ನೋಡಿ. 2023-24ರ ಸಾಲಿಗೆ ಅದು ಮಧ್ಯಂತರ ಲಾಭಾಂಶ 18, ಅಂತಿಮ ಲಾಭಾಂಶ 20, ಜೊತೆಗೆ ವಿಶೇಷ ಲಾಭಾಂಶ 8, ಹೀಗೆ ಷೇರಿಗೆ ಒಟ್ಟು 46 ರೂಪಾಯಿ ಕೊಟ್ಟಿತು. 2024-25ಕ್ಕೆ ಮಧ್ಯಂತರ 21, ಅಂತಿಮ 22, ಒಟ್ಟು 43. ಬರೀ ಮೊತ್ತ ನೋಡಿದವರು ಲಾಭಾಂಶ ಇಳಿಯಿತು ಎನ್ನುತ್ತಾರೆ. ವಿಶೇಷ ಲಾಭಾಂಶ ಎನ್ನುವುದು ಹಬ್ಬದ ಬೋನಸ್ಸಿನ ಹಾಗೆ, ಮುಂದಿನ ವರ್ಷವೂ ಬರುತ್ತದೆಂದು ಲೆಕ್ಕ ಹಾಕುವಂತಿಲ್ಲ. ಅದನ್ನು ಬದಿಗಿಟ್ಟರೆ ವಾಡಿಕೆಯ ಲಾಭಾಂಶ 38ರಿಂದ 43ಕ್ಕೆ ಏರಿದೆ. ಇಳಿದದ್ದಲ್ಲ, ಶೇ. 13ರಷ್ಟು ಏರಿದ್ದು.

ಇನ್ನೊಂದು ತೊಡಕಿದೆ. ಅಂತಿಮ ಲಾಭಾಂಶವನ್ನು ಹಣಕಾಸು ವರ್ಷ ಮುಗಿದ ಮೇಲೆ ಘೋಷಿಸಿ, ವಾರ್ಷಿಕ ಸಭೆಯ ಒಪ್ಪಿಗೆ ಪಡೆದು ಕೊಡುತ್ತಾರೆ. ಹಾಗಾಗಿ 2023-24ರ 20 ಮತ್ತು 8 ರೂಪಾಯಿಗಳು ಷೇರುದಾರರ ಖಾತೆಗೆ ಬಂದದ್ದು 2024-25ರಲ್ಲಿ. 2024ರ ಡಿಸೆಂಬರ್‌ನಲ್ಲಿ ಕುಳಿತು "ಕಳೆದ ಹನ್ನೆರಡು ತಿಂಗಳಲ್ಲಿ ಎಷ್ಟು ಬಂತು" ಎಂದು ಕೂಡಿದರೆ 20, 8, 21, ಒಟ್ಟು 49 ರೂಪಾಯಿ! ಲೆಕ್ಕದ ಸೌಕರ್ಯಕ್ಕೆ ಷೇರಿನ ಬೆಲೆ 1,500 ಎಂದಿಟ್ಟುಕೊಳ್ಳೋಣ (ಅಂದಿನ ನಿಜವಾದ ಬೆಲೆ ಇದಲ್ಲ). 49ನ್ನು ಹಿಡಿದರೆ ಇಳುವರಿ ಶೇ. 3.27, 46ನ್ನು ಹಿಡಿದರೆ 3.07, 43ನ್ನು ಹಿಡಿದರೆ 2.87, ವಿಶೇಷ ಬಿಟ್ಟು 38 ಎಂದರೆ 2.53. ನಾಲ್ಕು ಉತ್ತರ, ನಾಲ್ಕಕ್ಕೂ ಸಮರ್ಥನೆ ಇದೆ. ಒಂದೇ ಷೇರಿಗೆ ಒಂದು ಆ್ಯಪ್ ಒಂದು ಸಂಖ್ಯೆ, ಇನ್ನೊಂದು ಆ್ಯಪ್ ಇನ್ನೊಂದು ಸಂಖ್ಯೆ ತೋರಿಸಿದಾಗ ಯಾವುದೋ ಒಂದು ಸುಳ್ಳು ಎಂದು ಮಕ್ಕಳು ತಿಳಿಯುತ್ತಾರೆ. ಸುಳ್ಳಲ್ಲ, ಅಂಶದ ಆಯ್ಕೆ ಬೇರೆ. ಗಣಿತಕ್ಕೆ ಒಂದೇ ಉತ್ತರ ಎಂಬ ನಂಬಿಕೆಯಲ್ಲಿ ಬೆಳೆದ ಮಕ್ಕಳಿಗೆ ಇದು ಕಸಿವಿಸಿ ಉಂಟುಮಾಡುತ್ತದೆ, ಅದು ಒಳ್ಳೆಯದೇ. ಗುಂಪು ಚಟುವಟಿಕೆಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ನನಗೆ ಸಿಕ್ಕಿಲ್ಲ: ನಾಲ್ಕು ಗುಂಪಿಗೆ ನಾಲ್ಕು ಅಂಶ ಕೊಟ್ಟು, ತಮ್ಮದೇ ಏಕೆ ಸರಿ ಎಂದು ವಾದಿಸಲು ಬಿಡಿ.

ಕಳೆದ ಹನ್ನೆರಡು ತಿಂಗಳ ಲೆಕ್ಕವನ್ನು ಟ್ರೇಲಿಂಗ್ ಯೀಲ್ಡ್ ಎನ್ನುತ್ತಾರೆ. ಮುಂದಿನ ಹನ್ನೆರಡು ತಿಂಗಳಲ್ಲಿ ಎಷ್ಟು ಬರಬಹುದು ಎಂದು ಅಂದಾಜಿಸಿ ಹಾಕಿದ ಲೆಕ್ಕ ಫಾರ್ವರ್ಡ್ ಯೀಲ್ಡ್. ಮೊದಲನೆಯದರಲ್ಲಿ ಖಚಿತತೆ ಇದೆ, ಆದರೆ ಅದು ಮುಗಿದ ಕಥೆ. ಎರಡನೆಯದು ಹೂಡಿಕೆದಾರನಿಗೆ ನಿಜಕ್ಕೂ ಬೇಕಾದದ್ದು, ಆದರೆ ಅದು ಬರೀ ಅಂದಾಜು.

ಈ ಅಂದಾಜಿನಲ್ಲಿ ನಾನೇ ಎಡವಿದ್ದೇನೆ, ಹೇಳಿಬಿಡುವುದು ಒಳ್ಳೆಯದು. ಹಲವು ವರ್ಷಗಳ ಹಿಂದೆ ವೇತನ ಪರಿಷ್ಕರಣೆಯ ಹಿಂಬಾಕಿ ಕೈಗೆ ಬಂದಾಗ ಒಂದು ಕಂಪನಿಯ ಷೇರು ಕೊಂಡೆ. ಅದರ ಇಳುವರಿ ಪಟ್ಟಿಯಲ್ಲೇ ಎಲ್ಲಕ್ಕಿಂತ ಮೇಲಿತ್ತು, ಶೇ. 10. ಯಾಕೆ ಮೇಲಿತ್ತೆಂದು ನಾನು ಕೇಳಿಕೊಳ್ಳಲಿಲ್ಲ. ಆ ಷೇರಿನ ಬೆಲೆ ಒಂದು ವರ್ಷದಲ್ಲಿ 200ರಿಂದ 100ಕ್ಕೆ ಬಿದ್ದಿತ್ತು. ಹಿಂದಿನ ವರ್ಷ ಕೊಟ್ಟ 10 ರೂಪಾಯಿ ಹಾಗೆಯೇ ಅಂಶದಲ್ಲಿ ಕುಳಿತಿತ್ತು. ಛೇದ ಅರ್ಧವಾದರೆ ಭಾಗಲಬ್ಧ ಇಮ್ಮಡಿ, ಐದನೇ ತರಗತಿಯ ಭಿನ್ನರಾಶಿ. ಇಳುವರಿ ಶೇ. 5ರಿಂದ 10ಕ್ಕೆ "ಏರಿದ್ದು" ಕಂಪನಿ ಹೆಚ್ಚು ಕೊಟ್ಟದ್ದರಿಂದಲ್ಲ, ಮುಂದೆ ಕೊಡಲಾರದು ಎಂದು ಮಾರುಕಟ್ಟೆ ಮೊದಲೇ ಊಹಿಸಿದ್ದರಿಂದ. ಮರುವರ್ಷ ಲಾಭಾಂಶ ಬರಲೇ ಇಲ್ಲ. ಭಿನ್ನರಾಶಿ ಕಲಿಸುವ ಮೇಷ್ಟ್ರಿಗೇ ಭಿನ್ನರಾಶಿ ತಿಳಿಯಲಿಲ್ಲವಲ್ಲ ಎಂದು ಮನೆಯಲ್ಲಿ ಇಂದಿಗೂ ಮಾತು ಬರುತ್ತದೆ.

ಹಾಗಾದರೆ ಮುಂದೆ ಕೊಡಬಲ್ಲದೇ ಎಂದು ತಿಳಿಯುವುದು ಹೇಗೆ? ಪೂರ್ತಿ ತಿಳಿಯುವ ದಾರಿ ಇಲ್ಲ. ಆದರೆ ಒಂದು ಪರೀಕ್ಷೆ ಇದೆ, ಪಿಯುಸಿ ಹುಡುಗನೂ ಮಾಡಬಹುದಾದದ್ದು. ಪ್ರತಿ ಷೇರಿಗೆ ಕಂಪನಿ ಗಳಿಸಿದ್ದೆಷ್ಟು, ಅದರಲ್ಲಿ ಹಂಚಿದ್ದೆಷ್ಟು? ಹಂಚಿದ್ದನ್ನು ಗಳಿಕೆಯಿಂದ ಭಾಗಿಸಿದರೆ ಬರುವುದು ಹಂಚಿಕೆ ಅನುಪಾತ, ಇಂಗ್ಲಿಷಿನ ಪೇಔಟ್ ರೇಷಿಯೋ. ಇಲ್ಲಿ ಕೋಲ್ ಇಂಡಿಯಾದ ಉದಾಹರಣೆ ಬಹಳ ಉಪಯುಕ್ತ. ಕೇಂದ್ರ ಸರ್ಕಾರದ ಬಹುಪಾಲು ಒಡೆತನದ ಈ ಕಂಪನಿ 2015-16ರಲ್ಲಿ ಷೇರಿಗೆ 27.40 ರೂಪಾಯಿ ಲಾಭಾಂಶ ಕೊಟ್ಟಿತು. ಬೆಲೆ 300 ರೂಪಾಯಿ ಎಂದಿಟ್ಟುಕೊಂಡರೆ ಇಳುವರಿ ಶೇ. 9.13, ನಮ್ಮ ಹುಡುಗ ಹೇಳಿದ ಒಂಬತ್ತೇ. ಆದರೆ ಆ ವರ್ಷ ಷೇರಿಗೆ ಗಳಿಸಿದ್ದು 22 ರೂಪಾಯಿ ಚಿಲ್ಲರೆ. ಗಳಿಸಿದ್ದಕ್ಕಿಂತ ಹೆಚ್ಚು ಹಂಚಿತ್ತು, ಅನುಪಾತ ಶೇ. 120ರಷ್ಟು. ಹಿಂದೆ ಕೂಡಿಟ್ಟ ನಿಧಿಯಿಂದ ಕೊಟ್ಟದ್ದು ತಪ್ಪೇನಲ್ಲ, ಕಾನೂನಿಗೆ ವಿರುದ್ಧವೂ ಅಲ್ಲ. ಆದರೆ ಕಣಜದಿಂದ ತೆಗೆದು ಉಣ್ಣುವುದನ್ನು ಈ ವರ್ಷದ ಬೆಳೆ ಎಂದು ಲೆಕ್ಕ ಹಾಕಬಾರದು.

ಮುಂದಿನ ವರ್ಷಗಳ ಲಾಭಾಂಶ ನೋಡಿ: 2016-17ರಲ್ಲಿ 19.90, ನಂತರ 16.50, 13.10, ಮತ್ತು 2019-20ರಲ್ಲಿ 12 ರೂಪಾಯಿ. ಈ ನಾಲ್ಕು ವರ್ಷಗಳ ಸರಾಸರಿ 15.38. ಒಂಬತ್ತು ಸಿಗುತ್ತದೆಂದು 300 ಕೊಟ್ಟವನಿಗೆ ಸರಾಸರಿ ಸಿಕ್ಕದ್ದು ಶೇ. 5ಕ್ಕಿಂತ ಸ್ವಲ್ಪ ಹೆಚ್ಚು, ಎಫ್‌ಡಿಗಿಂತ ಕಡಿಮೆ. ಅದೇ ಹೊತ್ತಿಗೆ ಷೇರಿನ ಬೆಲೆಯೂ ಕುಸಿದು, 2020ರಲ್ಲಿ ಅರ್ಧಕ್ಕಿಂತ ಕೆಳಗೆ ಹೋಯಿತು. ಕಥೆ ಅಲ್ಲಿಗೆ ಮುಗಿಯಲಿಲ್ಲ. 2020-21ರಿಂದ ಲಾಭಾಂಶ 16, 17, 24.25, ಹಾಗೂ 2023-24ರಲ್ಲಿ 25.50 ಎಂದು ಮತ್ತೆ ಏರಿತು. 2020ರಲ್ಲಿ ಎಲ್ಲರೂ ಕೈಬಿಟ್ಟ ಬೆಲೆಗೆ ಕೊಂಡವರಿಗೆ ಅದು ಒಳ್ಳೆಯ ಹೂಡಿಕೆಯಾಯಿತು. ಹೆಚ್ಚಿನ ಇಳುವರಿ ಯಾವಾಗಲೂ ಬಲೆಯೇ ಎಂದು ತರಗತಿಯಲ್ಲಿ ಹೇಳಿಬಿಟ್ಟರೆ ಅದೂ ಅರ್ಧ ಪಾಠ. ಹೆಚ್ಚಿನ ಇಳುವರಿ ಒಂದು ಪ್ರಶ್ನೆ ಎತ್ತುತ್ತದೆ, ಅಷ್ಟೇ. ಉತ್ತರ ಗಳಿಕೆಯ ಪಟ್ಟಿಯಲ್ಲಿದೆ.

ಒಂದೇ ವರ್ಷದ ಬದಲು ಏಳೆಂಟು ವರ್ಷಗಳ ಲಾಭಾಂಶ ಮತ್ತು ಗಳಿಕೆಯನ್ನು ಪಕ್ಕಪಕ್ಕದಲ್ಲಿ ಬರೆಯುವ ಅಭ್ಯಾಸವನ್ನು ಮಕ್ಕಳಿಗೆ ಮಾಡಿಸಿ. ಅಂಕಿಗಳು ಕಂಪನಿಯ ವಾರ್ಷಿಕ ವರದಿಯಲ್ಲಿ, ಷೇರು ವಿನಿಮಯ ಕೇಂದ್ರಗಳ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ರೇಖಾನಕ್ಷೆಯ ಪಾಠಕ್ಕೂ ಇದೇ ದತ್ತಾಂಶ ಆದೀತು.

ಈಗ ಮೂರನೆಯ ಅಳತೆ, ದೀರ್ಘಕಾಲದ ಹೂಡಿಕೆದಾರರಿಗೆ ಬಹಳ ಪ್ರಿಯವಾದದ್ದು: ತಾನು ಕೊಂಡ ಬೆಲೆಯ ಮೇಲಿನ ಇಳುವರಿ, ಯೀಲ್ಡ್ ಆನ್ ಕಾಸ್ಟ್. 2014ರಲ್ಲಿ ಒಬ್ಬರು ಇನ್ಫೋಸಿಸ್‌ನ ಒಂದು ಷೇರನ್ನು ಸುಮಾರು 3,200 ರೂಪಾಯಿಗೆ ಕೊಂಡರು ಎನ್ನೋಣ. ಕಂಪನಿ 2014, 2015, 2018ರಲ್ಲಿ ಒಂದಕ್ಕೊಂದರಂತೆ ಮೂರು ಬಾರಿ ಬೋನಸ್ ಷೇರು ಕೊಟ್ಟಿತು. ಒಂದು ಎರಡಾಗಿ, ನಾಲ್ಕಾಗಿ, ಎಂಟಾಯಿತು. ಹಾಗಾಗಿ ಪ್ರತಿ ಷೇರಿನ ಅಸಲು 400 ರೂಪಾಯಿ. ಬೋನಸ್ ಸರಿಹೊಂದಿಸದೆ 3,200ರಿಂದಲೇ ಭಾಗಿಸುವುದು ಮಕ್ಕಳ ಸಾಮಾನ್ಯ ತಪ್ಪು. ಮೌಲ್ಯಮಾಪನದಲ್ಲಿ ಇದನ್ನು ಬೇಕೆಂದೇ ಕೇಳಬಹುದು. 2024-25ರ 43 ರೂಪಾಯಿಯನ್ನು 400ರಿಂದ ಭಾಗಿಸಿದರೆ ಶೇ. 10.75. ಕೊಂಡವರಿಗೆ ಹೆಮ್ಮೆ, ಸಹಜ.

ಈ ಹೆಮ್ಮೆಯಲ್ಲೊಂದು ಮೋಸವಿದೆ. ಅದನ್ನು ಬಿಡಿಸಿ ಹೇಳಲು ನಾನು ಅಡಿಕೆ ತೋಟದ ಮಾತು ಎತ್ತುತ್ತೇನೆ. ಅಜ್ಜ ಎರಡು ಲಕ್ಷಕ್ಕೆ ಕೊಂಡ ತೋಟ, ಇಂದು ಕೊಡುವುದಾದರೆ ಇಪ್ಪತ್ತು ಲಕ್ಷ ಬರುತ್ತದೆ. ವರ್ಷಕ್ಕೆ ಖರ್ಚು ಕಳೆದು ಎಂಬತ್ತು ಸಾವಿರ ಉಳಿಯುತ್ತದೆ. ಅಜ್ಜನ ಲೆಕ್ಕದಲ್ಲಿ ಶೇ. 40, ಮೊಮ್ಮಗನ ಲೆಕ್ಕದಲ್ಲಿ ಶೇ. 4. ಅಜ್ಜ ಒಳ್ಳೆಯ ಕಾಲದಲ್ಲಿ ಕೊಂಡ ಎಂಬುದಕ್ಕೆ ಮೊದಲ ಸಂಖ್ಯೆ ಸಾಕ್ಷಿ. ಆದರೆ ತೋಟ ಇಟ್ಟುಕೊಳ್ಳಬೇಕೇ, ಮಾರಿ ಬೇರೆ ಕಡೆ ಹಾಕಬೇಕೇ ಎಂಬ ಪ್ರಶ್ನೆಗೆ ಎರಡನೆಯದೇ ಬೇಕು. ಏಕೆಂದರೆ ಇವತ್ತು ತೋಟದಲ್ಲಿ ಕಟ್ಟಿಬಿದ್ದಿರುವುದು ಇಪ್ಪತ್ತು ಲಕ್ಷ, ಎರಡಲ್ಲ. "ನನಗೆ ಶೇ. 10.75 ಬರುತ್ತಿದೆ, ಎಫ್‌ಡಿಗಿಂತ ಹೆಚ್ಚು" ಎಂದು ಷೇರುದಾರ ಹೇಳಿದರೆ ಅವನು ಅಜ್ಜನ ಛೇದವನ್ನು ಇಂದಿನ ಎಫ್‌ಡಿಯ ಛೇದದೊಂದಿಗೆ ಹೋಲಿಸುತ್ತಿದ್ದಾನೆ. 1,500ರ ಬೆಲೆಯಲ್ಲಿ ಅವನ ಹಣ ಈಗ ತರುತ್ತಿರುವುದು ಶೇ. 2.87. ಮಲೆನಾಡಿನ ಕಡೆಯ ತರಗತಿಯಲ್ಲಿ ಈ ಉದಾಹರಣೆಗೆ ವಿವರಣೆಯೇ ಬೇಡ. ಇಳುವರಿ ಎಂಬ ಮಾತೇ ಹೊಲದಿಂದ ಬಂದದ್ದಲ್ಲವೇ. ಬಯಲುಸೀಮೆಯಲ್ಲಾದರೆ ಮಾವಿನ ತೋಪು ಎನ್ನಿ.

ಇಷ್ಟು ಹೇಳಿದ ಮೇಲೆ ಒಬ್ಬ ಚುರುಕು ಹುಡುಗಿ ಕೇಳಿಯೇ ಕೇಳುತ್ತಾಳೆ: ಶೇ. 7 ಕೊಡುವ ಎಫ್‌ಡಿ ಇರುವಾಗ ಶೇ. 2.5ರ ಷೇರನ್ನು ಯಾರಾದರೂ ಯಾಕೆ ಕೊಳ್ಳಬೇಕು? ನಿಫ್ಟಿ 50ರ ಇಳುವರಿಯೇ ಇತ್ತೀಚಿನ ವರ್ಷಗಳಲ್ಲಿ ಹೆಚ್ಚಾಗಿ ಶೇ. 1ರಿಂದ 1.5ರ ಆಸುಪಾಸಿನಲ್ಲಿದೆ. ಎಫ್‌ಡಿಯ ಬಡ್ಡಿ ಕರಾರು. ಬ್ಯಾಂಕು ಕೊಡಲೇಬೇಕು, ಆದರೆ ಆ ಅವಧಿಯಲ್ಲಿ ಏರುವುದಿಲ್ಲ. ಲಾಭಾಂಶ ಕರಾರಲ್ಲ, ಆಡಳಿತ ಮಂಡಳಿ ಕೊಡದೆಯೂ ಇರಬಹುದು, ಆದರೆ ಏರಬಹುದು. ಒಂದು ಲಕ್ಷ ರೂಪಾಯಿಗೆ ಎಫ್‌ಡಿ ಪ್ರತಿ ವರ್ಷ 7,000 ಕೊಡುತ್ತದೆ. ಶೇ. 2.5ರ ಷೇರು ಮೊದಲ ವರ್ಷ 2,500 ಕೊಡುತ್ತದೆ. ಲಾಭಾಂಶ ವರ್ಷಕ್ಕೆ ಶೇ. 12ರಂತೆ ಬೆಳೆದರೆ ಹತ್ತು ಏರಿಕೆಗಳಾದ ಮೇಲೆ ಅದು 7,765 ರೂಪಾಯಿ, ಎಫ್‌ಡಿಯನ್ನು ದಾಟಿತು. ಶೇ. 5ರಂತೆ ಮಾತ್ರ ಬೆಳೆದರೆ ಅದೇ ಹತ್ತು ಏರಿಕೆಗಳಿಗೆ 4,072, ದಾಟಲು ಇಪ್ಪತ್ತೆರಡು ಏರಿಕೆಗಳು ಬೇಕು. ಚಕ್ರಬಡ್ಡಿಯ ಸೂತ್ರ, ಬೇಕಾದರೆ ಲಾಗರಿದಮ್, ಎರಡೂ ಇಲ್ಲಿ ಕೆಲಸಕ್ಕೆ ಬರುತ್ತವೆ. ಶೇ. 12 ಬೆಳೆದೇ ಬೆಳೆಯುತ್ತದೆಂದು ಯಾರೂ ಭರವಸೆ ಕೊಡಲಾರರು. ಇಳುವರಿ ಇಂದಿನದು, ಬೆಳವಣಿಗೆ ನಾಳೆಯದು. ದೀರ್ಘಕಾಲದ ಹೂಡಿಕೆದಾರ ಎರಡನ್ನೂ ಒಟ್ಟಿಗೆ ತೂಗಬೇಕಾಗುತ್ತದೆ.

ತೆರಿಗೆಯ ಬಗ್ಗೆ ಎರಡೇ ಮಾತು. 2020ರ ಏಪ್ರಿಲ್ 1ರಿಂದ ಲಾಭಾಂಶ ವಿತರಣಾ ತೆರಿಗೆ ರದ್ದಾಗಿ, ಲಾಭಾಂಶವನ್ನು ಪಡೆದವರ ಆದಾಯಕ್ಕೆ ಸೇರಿಸಿ ಅವರವರ ಹಂತದ ದರದಲ್ಲಿ ತೆರಿಗೆ ಹಾಕಲಾಗುತ್ತಿದೆ. ಹೋಲಿಸುವುದಾದರೆ ಎರಡೂ ಕಡೆ ತೆರಿಗೆ ಕಳೆದೇ ಹೋಲಿಸಬೇಕು. ಇನ್ನು, ದಾಖಲೆ ದಿನಕ್ಕೆ ಮುಂಚೆ ಕೊಂಡು ಲಾಭಾಂಶ ಪಡೆದು ಮರುದಿನ ಮಾರಿದರೆ ಬಿಟ್ಟಿ ಹಣವಲ್ಲವೇ ಎಂಬ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. ಅಲ್ಲ. ಲಾಭಾಂಶದ ಹಕ್ಕು ಕಳಚಿದ ದಿನ ಷೇರಿನ ಬೆಲೆ ಸಾಮಾನ್ಯವಾಗಿ ಅಷ್ಟರ ಮಟ್ಟಿಗೆ ತಗ್ಗಿಯೇ ವಹಿವಾಟು ಶುರುವಾಗುತ್ತದೆ. ಬಲಗಿಸೆಯಿಂದ ಎಡಗಿಸೆಗೆ ಬಂದ ಹಣಕ್ಕೆ ತೆರಿಗೆ ಬೇರೆ.

ಪಾಠಯೋಜನೆಯ ಮಾತಿಗೆ ಬಂದರೆ, ಸೂತ್ರದಿಂದ ಆರಂಭಿಸಬೇಡಿ ಎಂಬುದು ನನ್ನ ಅಭಿಪ್ರಾಯ. ನಮ್ಮ ಪ್ರಶಿಕ್ಷಣಾರ್ಥಿಯೂ ಹದಿನೈದು ದಿನ ಬಿಟ್ಟು ಅದೇ ತರಗತಿಯಲ್ಲಿ ಪುನಃ ಪಾಠ ಮಾಡಿದಾಗ ಹಲಗೆಯ ಮೇಲೆ ಮೊದಲು ಬರೆದದ್ದು ಎರಡು ಪ್ರಶ್ನೆ ಮಾತ್ರ: ಯಾವ ವರ್ಷದ ಲಾಭಾಂಶ? ಯಾವ ಬೆಲೆಯ ಶೇಕಡಾ? ಎಂಆರ್‌ಎಫ್‌ನ ಎರಡು ಸಾವಿರಕ್ಕೆ ತರಗತಿ ನಕ್ಕಿತು. ಹಿಂದಿನ ಸಲ ತಾವು ಕೊಟ್ಟ ಉತ್ತರ ಅವಸರದ್ದೆಂದು ಅವರೇ ಮಕ್ಕಳೆದುರು ಹೇಳಿದರು. ಇದಕ್ಕೆ ಅವಲೋಕನ ಪುಸ್ತಕದಲ್ಲಿ ಅಂಕದ ಕಲಂ ಇಲ್ಲ. ನಾನು ಅಂಚಿನಲ್ಲಿ ಒಂದು ಗುರುತು ಹಾಕಿದೆ.

ಪಾಠ ಮುಗಿದ ಮೇಲೆ ಆ ಹುಡುಗ ಒಂದು ಹಾಳೆ ಹಿಡಿದು ಬಂದ. ಅಪ್ಪ ತೋರಿಸಿದ ಷೇರಿನ ಏಳು ವರ್ಷದ ಗಳಿಕೆ ಒಂದು ಸಾಲಿನಲ್ಲಿ, ಲಾಭಾಂಶ ಇನ್ನೊಂದು ಸಾಲಿನಲ್ಲಿ ಬರೆದಿದ್ದ. ಕೊನೆಯ ವರ್ಷದಲ್ಲಿ ಕೆಳಗಿನ ಸಂಖ್ಯೆ ಮೇಲಿನದಕ್ಕಿಂತ ದೊಡ್ಡದಿತ್ತು. ಅದರ ಸುತ್ತ ಕೆಂಪು ಶಾಯಿಯಲ್ಲಿ ವೃತ್ತ ಎಳೆದಿದ್ದ. "ಅಪ್ಪಂಗೂ ತೋರಿಸ್ದೆ ಮಿಸ್" ಎಂದ. ಎಫ್‌ಡಿ ಏನಾಯಿತೆಂದು ನಾವಿಬ್ಬರೂ ಕೇಳಲಿಲ್ಲ.